ಅಪ್ಪನ ಮಳೆ ಪುಸ್ತಕ ಸರ್ವರ್ ಹತ್ತಿದ ಕತೆ

ಕಾಫಿ ತೋಟದವರ ಹತ್ರ ಮಳೆಯನ್ನು ಮಿಲಿಮೀಟರಲ್ಲಿ ಹೇಳಿ ನೋಡಿ, ಮುಖ ಮುಖ ನೋಡ್ತಾರೆ. ಇಲ್ಲಿ ಮಳೆ ಅಂದ್ರೆ ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು, ಅಂದ್ರೆ 25.4 ಮಿಲಿಮೀಟರು. "ನಿಮ್ಮಲ್ಲಿ ನಿನ್ನೆ ಎಷ್ಟು?" "ಒಂದೂ ನಲವತ್ತು. ನಿಮ್ಮಲ್ಲಿ?" ಕಳಸ, ಮೂಡಿಗೆರೆ, ಬಾಳೆಹೊನ್ನೂರು ಕಡೆ ಫೋನಲ್ಲಿ ಆರೋಗ್ಯ ವಿಚಾರಿಸೋದು ಇದಾದ ಮೇಲೆ! ದೇಶಕ್ಕೆ ಮೆಟ್ರಿಕ್ ಪದ್ಧತಿ ಬಂದು ಅರವತ್ತು ವರ್ಷ ದಾಟಿದರೂ ನಮ್ಮ ಮಳೆ ಮಾತ್ರ ಇನ್ನೂ ಬ್ರಿಟಿಷ್ ದೊರೆಗಳ ಅಳತೆಯಲ್ಲೇ ಸುರೀತಿದೆ.

ಇದು ಬರೀ ಹರಟೆಗೆ ಅಲ್ಲ. ಫೆಬ್ರವರಿ-ಮಾರ್ಚ್‌ನಲ್ಲಿ ಬರುವ ಹೂಮಳೆ ಒಂದು ಇಂಚಿನ ಹತ್ತಿರ ಬಂದರೆ ಎಂಟು-ಹತ್ತು ದಿನಕ್ಕೆ ರೊಬಸ್ಟಾ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಅದಾಗಿ ಎರಡು-ಮೂರು ವಾರದೊಳಗೆ ಇನ್ನೊಂದು ಮಳೆ, ನಮ್ಮವರು ಬ್ಯಾಕಿಂಗ್ ಅಂತಾರಲ್ಲ ಅದು, ಬೀಳಬೇಕು. ಇಲ್ಲದಿದ್ದರೆ ಹೂವು ಕಾಯಿ ಕಚ್ಚುವುದಿಲ್ಲ. ಹತ್ತು ಸೆಂಟು ಬಿದ್ದು ನಿಂತುಬಿಟ್ಟರಂತೂ ಇನ್ನೂ ಕಷ್ಟ. ಸ್ಪ್ರಿಂಕ್ಲರ್ ಹಾಕಬೇಕೋ, ಕಾಯಬೇಕೋ? ಈ ಲೆಕ್ಕಾಚಾರಕ್ಕೇ ಪ್ರತಿ ತೋಟದಲ್ಲೂ ಒಂದು ಮಳೆ ಮಾಪಕ, ಒಂದು ಮಳೆ ಪುಸ್ತಕ.

ನಮ್ಮಪ್ಪನ ಹತ್ರ ಅಂಥ 46 ಪುಸ್ತಕ ಇವೆ. 1979ರಿಂದ 2024ರ ತನಕ ವರ್ಷಕ್ಕೊಂದು. ತಿಂಗಳಿಗೆ ಎದುರುಬದುರು ಎರಡು ಪುಟ. ಎಡಪುಟದಲ್ಲಿ ತಾರೀಕು ಮತ್ತು ಮಳೆ, ಬಲಪುಟದಲ್ಲಿ ಟಿಪ್ಪಣಿ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತೆ, ಅಪ್ಪನದೂ ಅದೇ ಹೊತ್ತು. ತಿಂಡಿ ಬೇಕಾದ್ರೆ ತಡ ಆಗ್ಲಿ, ಅಳತೆ ತಡ ಆಗಬಾರದು. ಬಲಪುಟದಲ್ಲಿ ರೋಹಿಣಿ, ಮೃಗಶಿರ, ಆರಿದ್ರೆ ಅಂತ ಮಳೆ ನಕ್ಷತ್ರ ಹುಟ್ಟಿದ ದಿನಗಳೂ ಇವೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದು ಮನೆ-ತೋಟ ಹೋದ ಆ ವಾರದಲ್ಲಿ ಒಂದು ದಿನದ ಎದುರು ಅಂಕಿಯೇ ಇಲ್ಲ. "ಡಬ್ಬ ತುಂಬಿ ಹೊರಗೆ ಹರಿದಿದೆ" ಅಂತ ಮಾತ್ರ ಬರೆದಿದ್ದಾರೆ. (ಆಗ ಕಳಸ ಮೂಡಿಗೆರೆ ತಾಲ್ಲೂಕಿಗೇ ಸೇರಿತ್ತು, ಈಗ ನಮ್ಮದೇ ತಾಲ್ಲೂಕು.)

ಈ ಪುಸ್ತಕಗಳನ್ನು ಇಂಟರ್‌ನೆಟ್ಟಿಗೆ ಏರಿಸಬೇಕು ಅಂತ ತಲೆಗೆ ಹೊಕ್ಕಿದ್ದಕ್ಕೆ ಕಾರಣ ನಮ್ಮ ಮೇಲಿನ ತೋಟ. ಅದು ಮಾರಾಟ ಆಯ್ತು. ಹಳೇ ರೈಟರುಗಳು ಬರೆದಿಟ್ಟ ರಿಜಿಸ್ಟರುಗಳು ಬಂಗಲೆಯ ಒಂದು ಕೋಣೆ ತುಂಬ ಇದ್ದವು. ಸಣ್ಣವನಿದ್ದಾಗ ನಾನೇ ನೋಡಿದ್ದೆ. ಕೊಂಡವರು ಕೋಣೆ ಖಾಲಿ ಮಾಡಿಸಿದರು. ಅಪ್ಪ ವಿಷಯ ತಿಳಿದು ಹೋಗಿ ಕೇಳಿದಾಗ "ಒಣಗಿದ ಕಾಗದ ನೋಡಿ, ಬಚ್ಚಲೊಲೆಗೆ ಚೆನ್ನಾಗಿ ಆಯ್ತು" ಅಂದರಂತೆ ಕೆಲಸದವರು. ಅಪ್ಪ ಮನೆಗೆ ಬಂದು ಏನೂ ಹೇಳಲಿಲ್ಲ. ಎರಡು ದಿನ ಆದಮೇಲೆ, ಕಾಫಿ ಕುಡೀತಾ, "ಐವತ್ತು-ಅರವತ್ತು ವರ್ಷದ ಮಳೆ ಮಾರಾಯ, ನೀರು ಕಾಯ್ಸಕ್ಕೆ ಹೋಯ್ತು" ಅಂದರು.

ಹಂಗಾಗಿ 46 ಪುಸ್ತಕವನ್ನೂ ಕಿಟಕಿ ಬೆಳಕಲ್ಲಿಟ್ಟು ಫೋಟೊ ತೆಗೆದೆ. ತಿಂಗಳಿಗೆ ಎರಡರಂತೆ 1,104 ಫೋಟೊ. 1994ರ ಪುಸ್ತಕಕ್ಕೆ ಗೆದ್ದಲು ಹತ್ತಿ ಅಂಚು ಹೋಗಿದೆ, ಪುಣ್ಯಕ್ಕೆ ಅಂಕಿ ಉಳಿದಿವೆ. ಇಡೋದು ಎಲ್ಲಿ ಅಂತ ಯೋಚಿಸಿ ಕೊನೆಗೆ ಇಂಟರ್ನೆಟ್ ಆರ್ಕೈವ್ ಅಂತ ತೀರ್ಮಾನ ಮಾಡಿದೆ. 1996ರಲ್ಲಿ ಬ್ರೂಸ್ಟರ್ ಕಾಲ್ ಅನ್ನುವವರು ಅಮೆರಿಕದಲ್ಲಿ ಶುರು ಮಾಡಿದ ಡಿಜಿಟಲ್ ಗ್ರಂಥಾಲಯ ಅದು. ಹಳೇ ಕನ್ನಡ ಪುಸ್ತಕ ಹುಡುಕುವ ನಿಮಗೆಲ್ಲ ಅದರ ಪರಿಚಯ ಇದ್ದೇ ಇರುತ್ತೆ.

ಈಗ ಲೆಕ್ಕ ನೋಡಿ. ಒಂದು ಫೋಟೊ ಸುಮಾರು 4 ಎಂಬಿ. ನಮ್ಮನೇಲಿ ಸಿಗ್ನಲ್ ಸಿಗೋದು ಅಟ್ಟದ ಕಿಟಕಿ ಹತ್ರ ಮಾತ್ರ. ಅಲ್ಲಿ ಮೇಲಕ್ಕೆ ಕಳಿಸುವ ವೇಗ ಚೆನ್ನಾಗಿದ್ದ ದಿನ ಸೆಕೆಂಡಿಗೆ 256 ಕಿಲೋಬಿಟ್. ಬೈಟಿಗೆ 8 ಬಿಟ್, ಹಂಗಾಗಿ ಒಂದು ಫೋಟೊಕ್ಕೆ 125 ಸೆಕೆಂಡು. 1,104 ಫೋಟೊಕ್ಕೆ 38 ಗಂಟೆ. ಅದೂ ಸಿಗ್ನಲ್ ಒಂದು ಸಲವೂ ಹೋಗದಿದ್ದರೆ! ಪೆನ್‌ಡ್ರೈವಲ್ಲಿ ಹಾಕ್ಕೊಂಡು ಬೆಂಗಳೂರಿಗೆ ಹೋಗಬಾರದಿತ್ತಾ ಅಂತ ನೀವು ಕೇಳಬಹುದು. ಒಂದು ಸಲಕ್ಕೆ ಆದರೆ ಅದೇ ಸುಲಭ. ಆದರೆ ಮಳೆ ಪ್ರತಿ ತಿಂಗಳೂ ಬರುತ್ತೆ, ಪ್ರತಿ ತಿಂಗಳೂ ಎರಡು ಹೊಸ ಪುಟ ಆಗುತ್ತೆ. ಅಕ್ಕಪಕ್ಕದ ತೋಟದವರ ಪುಸ್ತಕಗಳೂ ಇವೆ. ಪ್ರತಿ ಸಲ ಪೇಟೆಗೆ ಓಡಬೇಕು ಅಂದ್ರೆ ಮೂರನೇ ತಿಂಗಳಿಗೆ ನಿಂತುಹೋಗುತ್ತೆ ಅಂತ ನನಗೆ ಗೊತ್ತು. ಇಲ್ಲಿನ ಸಿಗ್ನಲ್ಲಿನಲ್ಲೇ ನಡೆಯುವ ದಾರಿ ಬೇಕಿತ್ತು.

ಬ್ರೌಸರಲ್ಲಿ ಫೈಲ್ ಆರಿಸಿ ಗುಂಡಿ ಒತ್ತಿ ಕಳಿಸೋದು ನಿಮಗೆಲ್ಲ ಗೊತ್ತಿರೋದೇ. ಆ ಸೌಕರ್ಯ ಬಂದಿದ್ದು 1995ರ ನವೆಂಬರ್‌ನಲ್ಲಿ, ಜೆರಾಕ್ಸ್ ಕಂಪನಿಯ ಇಬ್ಬರು ಬರೆದ ಆರ್‌ಎಫ್‌ಸಿ 1867 ಎಂಬ ಕರಡಿನಿಂದ. ಅದಕ್ಕೆ ಮುಂಚೆ ವೆಬ್ ಪುಟದ ಫಾರಂನಲ್ಲಿ ಅಕ್ಷರ ತುಂಬಿಸಬಹುದಿತ್ತು, ಫೈಲ್ ಸೇರಿಸುವ ಹಾಗಿರಲಿಲ್ಲ. ಅವರು ಮಾಡಿದ್ದು ಇಷ್ಟೆ: ಫಾರಂನ ಒಂದೊಂದು ಭಾಗದ ಮಧ್ಯೆ ಒಂದು ಗಡಿಗೆರೆ ಹಾಕೋದು. ಫೈಲಿನೊಳಗೆ ಎಲ್ಲೂ ಬರಲಾರದಂಥ ಉದ್ದನೆಯ ಅಕ್ಷರಸಾಲು ಅದು. ಅದನ್ನು ನೋಡಿ ಸರ್ವರು ಇಲ್ಲಿಗೆ ಹೆಸರು ಮುಗೀತು, ಇಲ್ಲಿಂದ ಫೋಟೊ ಶುರು ಅಂತ ತಿಳ್ಕೊಳ್ಳುತ್ತೆ. ಎರಡು ತೋಟದ ನಡುವಿನ ಬೇಲಿ ಇದ್ದ ಹಾಗೆ.

ಬ್ರೌಸರ್ ಮಾಡುವ ಈ ಕೆಲಸವನ್ನೇ ನಾವು ಬರೆದ ಪ್ರೋಗ್ರಾಮೂ ಮಾಡಬಹುದು. ಸರ್ವರಿಗೆ ಆ ಕಡೆ ಇರೋದು ಮನುಷ್ಯನೋ ಪ್ರೋಗ್ರಾಮೋ ಅನ್ನೋದು ಮುಖ್ಯ ಅಲ್ಲ, ಎಚ್‌ಟಿಟಿಪಿ ಕೋರಿಕೆ ಸರಿಯಾದ ರೂಪದಲ್ಲಿ ಬಂದರೆ ಸಾಕು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರ ಕರ್ಲ್ ಎಂಬ ಸಣ್ಣ ತಂತ್ರಾಂಶ 1998ರಿಂದ ಇದನ್ನೇ ಮಾಡ್ತಾ ಬಂದಿದೆ. ಒಂದು ಸಾಲು ಟೈಪ್ ಮಾಡಿದರೆ ಫೈಲು ಹೊರಟಿತು. ಆರ್ಕೈವ್‌ನವರದ್ದೇ ಒಂದು ಸಿದ್ಧ ಸಾಧನವೂ ಇದೆ. ನಾನು ಪೈಥಾನ್‌ನಲ್ಲಿ ನೂರು ಸಾಲಿನೊಳಗೆ ಬರ್ಕೊಂಡೆ, ಯಾಕಂದ್ರೆ ನಮ್ಮೂರಿನ ಸಿಗ್ನಲ್ಲಿನ ಸ್ವಭಾವ ನನಗೇ ಚೆನ್ನಾಗಿ ಗೊತ್ತು :-)

ಇಲ್ಲಿ ಒಂದು ಸೂಕ್ಷ್ಮ ಇದೆ, ಸ್ವಲ್ಪ ಗಮನ ಕೊಡಿ. ಕಳಿಸುವ ಕೋರಿಕೆಯಲ್ಲಿ ಎರಡು ಜಾತಿ. ಒಂದು ಪೋಸ್ಟ್, ಇನ್ನೊಂದು ಪುಟ್. ಪೋಸ್ಟ್ ಅಂದ್ರೆ "ಇದನ್ನು ತಗೊಂಡು ಏನು ಮಾಡಬೇಕೋ ಮಾಡು" ಅಂದ ಹಾಗೆ. ಪುಟ್ ಅಂದ್ರೆ "ಇದನ್ನು ಈ ಹೆಸರಿನ ಜಾಗದಲ್ಲಿ ಇಡು". ಈಗ ಫೋಟೊದ ಕೊನೇ ಬೈಟ್ ಹೋಗಿದೆ, ಸರ್ವರಿನ "ಸೇರಿತು" ಅನ್ನುವ ಉತ್ತರ ಬರುವ ಮುಂಚೆ ಸಿಗ್ನಲ್ ಹೋಯ್ತು ಅಂದ್ಕೊಳ್ಳಿ. ಫೋಟೊ ಮುಟ್ಟಿತಾ ಇಲ್ವಾ? ಅಟ್ಟದ ಮೇಲೆ ಕೂತವನಿಗೆ ತಿಳಿಯುವ ದಾರಿಯೇ ಇಲ್ಲ. ಪೋಸ್ಟ್ ಆಗಿದ್ದರೆ ಇನ್ನೊಮ್ಮೆ ಕಳಿಸಿದಾಗ ಎರಡು ಪ್ರತಿ ಆಗಬಹುದು. ಪುಟ್ ಆದರೆ ಅದೇ ಜಾಗಕ್ಕೆ ಅದೇ ಫೋಟೊ ಮತ್ತೆ ಕೂರುತ್ತೆ, ಅಷ್ಟೆ. ಹತ್ತು ಸಲ ಕಳಿಸಿದರೂ ಒಂದೇ ಫಲ. ಪಟ್ಟಣದವರಿಗೆ ಇದು ಪುಸ್ತಕದ ಮಾತು, ನಮಗೆ ಪ್ರತಿ ರಾತ್ರಿಯ ಮಾತು. ಆರ್ಕೈವ್ ಪ್ರೋಗ್ರಾಮುಗಳಿಂದ ಫೈಲು ತಗೊಳ್ಳುವ ಬಾಗಿಲಲ್ಲಿ ಇರೋದು ಈ ಪುಟ್ ಕ್ರಮವೇ. ಅಮೆಜಾನ್ 2006ರಲ್ಲಿ ತಂದ ಸಂಗ್ರಹ ಸೇವೆಯ ಮಾದರಿಯಲ್ಲೇ ಮಾಡಿದ್ದಾರೆ, ಅದೇ ಭಾಷೆಯಲ್ಲಿ ಫೈಲುಗಳನ್ನು ಇಡುವ ಜಾಗಕ್ಕೆ ಬಕೆಟ್ ಅಂತಾರೆ. ಮಳೆ ಲೆಕ್ಕ ಇಡೋದಕ್ಕೆ ಇದಕ್ಕಿಂತ ಒಳ್ಳೇ ಹೆಸರು ಬೇಕಾ ಹೇಳಿ!

ಇನ್ನು ಕನ್ನಡದ ವಿಷಯ. ಯೂನಿಕೋಡಲ್ಲಿ ಬರೆಯುವ ನಮಗೆ ಇದು ಗೊತ್ತಿರಬೇಕು. "ಮಳೆ" ಅನ್ನುವ ಪದ ನೋಡಿ. ಕಣ್ಣಿಗೆ ಎರಡಕ್ಷರ. ಯೂನಿಕೋಡಿಗೆ ಮೂರು: ಮ, ಳ, ಮತ್ತು ಎತ್ವ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಹಂಗಾಗಿ ತಂತಿ ಮೇಲೆ ಹೋಗುವಾಗ ಅದು ಒಂಬತ್ತು. ಎರಡು, ಮೂರು, ಒಂಬತ್ತು, ಮೂರೂ ಸರಿ! ಆದರೆ ಕೋರಿಕೆಯ ತಲೆಬರಹದಲ್ಲಿ "ಇಷ್ಟು ಉದ್ದದ ಮಾಹಿತಿ ಬರ್ತಿದೆ" ಅಂತ ಮೊದಲೇ ಹೇಳಬೇಕು, ಅಲ್ಲಿ ಲೆಕ್ಕಕ್ಕೆ ಬರೋದು ಬೈಟುಗಳು ಮಾತ್ರ. ಮೂರು ಅಂತ ಹೇಳಿ ಒಂಬತ್ತು ಕಳಿಸಿದರೆ ಸರ್ವರು ಮೊದಲ ಮೂರು ಬೈಟ್, ಅಂದ್ರೆ "ಮ" ಮಾತ್ರ ತಗೊಂಡು ಇಲ್ಲಿಗೆ ಮುಗೀತು ಅಂದುಬಿಡುತ್ತೆ. ಇಂಗ್ಲಿಷಿನಲ್ಲಿ ಅಕ್ಷರವೂ ಬೈಟೂ ಒಂದೇ ಆದ್ದರಿಂದ ಇಂಗ್ಲಿಷ್ ಮಾತ್ರ ಹಾಕಿ ಪರೀಕ್ಷೆ ಮಾಡಿದ ಪ್ರೋಗ್ರಾಮಿನಲ್ಲಿ ಈ ತೊಂದರೆ ಅಡಗಿ ಕೂತಿರುತ್ತೆ, ಕನ್ನಡ ಬಂದ ದಿನ ಹೊರಗೆ ಬರುತ್ತೆ.

ತಲೆಬರಹದೊಳಗೇ ಕನ್ನಡ ಹಾಕುವುದು ಇನ್ನೊಂದು ತಾಪತ್ರಯ. ಶೀರ್ಷಿಕೆ, ವಿವರಣೆ ಎಲ್ಲ ತಲೆಬರಹದಲ್ಲೇ ಹೋಗಬೇಕು, ಆದರೆ ಆ ಜಾಗ ಹುಟ್ಟಿದ್ದೇ ಇಂಗ್ಲಿಷ್ ಅಕ್ಷರಕ್ಕೆ. ಅದಕ್ಕೆ ಪ್ರತಿ ಬೈಟನ್ನೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ-ಅಕ್ಷರಗಳಾಗಿ ಬಿಡಿಸಿ ಬರೀಬೇಕು. ಒಂಬತ್ತು ಬೈಟಿನ "ಮಳೆ" ಹಿಂಗೆ ಇಪ್ಪತ್ತೇಳು ಅಕ್ಷರ ಆಗಿ ಹೊರಡುತ್ತೆ, ಆ ಕಡೆ ಮುಟ್ಟಿದ ಮೇಲೆ ಮತ್ತೆ "ಮಳೆ" ಆಗುತ್ತೆ. ಹೀಗೆ ಬಿಡಿಸಿದ್ದನ್ನು ಗುರುತು ಹಾಕಿ ಕಳಿಸಲು ಆರ್ಕೈವ್ ಒಂದು ಕ್ರಮ ಇಟ್ಟಿದೆ. ಫೈಲಿನ ಹೆಸರಿಗೆ ಮಾತ್ರ ನಾನು ಕನ್ನಡದ ಹಟ ಹಿಡಿಯಲಿಲ್ಲ. ವರ್ಷ, ತಿಂಗಳು, ಎಡ ಅಥವಾ ಬಲ, ಅಷ್ಟೆ. ಪುಟ್ ಕೋರಿಕೆಗೆ ಬೇಕಾದ್ದು ಎಂದೂ ಬದಲಾಗದ ಹೆಸರು.

ಕಳಿಸುವ ಮುಂಚೆ ಪ್ರೋಗ್ರಾಮು ಪ್ರತಿ ಫೋಟೊದ ಎಂಡಿ5 ಮೊತ್ತ ತೆಗೆಯುತ್ತೆ. ಫೈಲು ಎಷ್ಟೇ ದೊಡ್ಡದಿರಲಿ 32 ಅಕ್ಷರದ ಒಂದು ಸಹಿ ಅದು. ಒಂದು ಬಿಟ್ ಆಚೀಚೆ ಆದರೂ ಸಹಿ ಪೂರ್ತಿ ಬೇರೆ. ಕಳ್ಳರನ್ನು ತಡೆಯಲು ಈಗ ಎಂಡಿ5 ಸಾಲದು, ಆದರೆ ದಾರಿಯಲ್ಲಿ ಕೆಟ್ಟಿದೆಯಾ ಅಂತ ನೋಡಲು ಬೇಕಾದಷ್ಟಾಯ್ತು. ಸಹಿಯನ್ನೂ ಜೊತೆಗೇ ಕಳಿಸಿದರೆ ಆ ಕಡೆಯವರು ತಾಳೆ ನೋಡಿ, ಸರಿಯಿಲ್ಲದಿದ್ದರೆ ವಾಪಸ್ ಮಾಡ್ತಾರೆ.

ಉತ್ತರದ ಅಂಕಿಗಳಿಗೂ ಒಂದು ಶಿಸ್ತಿದೆ. 200 ಅಂದ್ರೆ ಸೇರಿತು. 400ರ ಸಾಲಿನಲ್ಲಿ ಬಂದರೆ ಸಾಮಾನ್ಯವಾಗಿ ನಮ್ಮ ಕೋರಿಕೆಯಲ್ಲೇ ಏನೋ ಸರಿಯಿಲ್ಲ, ಕೀಲಿ ಒಪ್ಪಿಲ್ಲ ಅಂತಾನೋ ಫೈಲು ತೀರಾ ದೊಡ್ಡದು ಅಂತಾನೋ. ಅದನ್ನೇ ಮತ್ತೆ ಮತ್ತೆ ಕಳಿಸಿ ಪ್ರಯೋಜನ ಇಲ್ಲ, ನಿಲ್ಲಿಸಿ ನೋಡಬೇಕು. 500ರ ಸಾಲು ಅಂದ್ರೆ ಆ ಕಡೆ ಗದ್ದಲ. ಆಗ ಒಂದು ನಿಮಿಷ ಕಾದು ಮತ್ತೆ ಕೇಳೋದು, ಆಗದಿದ್ದರೆ ಎರಡು ನಿಮಿಷ, ಆಮೇಲೆ ನಾಲ್ಕು, ಎಂಟು. ನೆಂಟರ ಮನೆಯಲ್ಲಿ ಪೂಜೆ ನಡೀತಿರುವಾಗ ಬಾಗಿಲು ಬಡಿದರೆ ಹೇಗೋ ಹಾಗೆ, ಅವಸರ ಮಾಡಿದಷ್ಟೂ ಎಲ್ಲರಿಗೂ ತೊಂದರೆ. ಸೇರಿದ ಪ್ರತಿ ಫೋಟೊವನ್ನೂ ಪ್ರೋಗ್ರಾಮು ಒಂದು ಖಾತೆ ಫೈಲಿನಲ್ಲಿ ಬರೆದಿಡುತ್ತೆ. ಕರೆಂಟ್ ಹೋಗಿ ಬಂದರೆ ಮೊದಲು ಖಾತೆ ಓದಿ, ಉಳಿದದ್ದರಿಂದ ಶುರು ಮಾಡುತ್ತೆ.

ಇಷ್ಟೆಲ್ಲ ಸಿದ್ಧ ಮಾಡಿ, "ಅಪ್ಪ, ಇವತ್ತು ರಾತ್ರಿಯಿಂದ ಕಳಿಸ್ತೀನಿ" ಅಂದೆ. ಅಪ್ಪ ಕನ್ನಡಕ ತೆಗೆದು ಒರೆಸ್ತಾ ಕೇಳಿದರು:

"ಬಲಗಡೆ ಪುಟನೂ ಹೋಗುತ್ತಾ?"

"ಹೌದು, ಎಲ್ಲಾ."

"ಯಾರು ಬೇಕಾದ್ರೂ ನೋಡಬಹುದಾ?"

"ಯಾರು ಬೇಕಾದ್ರೂ."

"ಹಂಗಾದ್ರೆ ತಡಿ. ನಾನೊಂದ್ಸಲ ನೋಡ್ಬೇಕು."

ಮುಂದಿನ ಹದಿನೈದು ದಿನ ಸಂಜೆ ಹೊತ್ತು ನಾವಿಬ್ಬರೂ ಜಗಲಿಯಲ್ಲಿ ಕೂತು 552 ಬಲಪುಟ ಓದಿದೆವು. ಅಪ್ಪನಿಗೆ 78 ವರ್ಷ, ಸಣ್ಣ ಅಕ್ಷರ ಕಾಣಲ್ಲ. ನಾನು ಓದೋದು, ಅವರು "ಇರ್ಲಿ" ಅಥವಾ "ಬೇಡ" ಅನ್ನೋದು. ನಾನು ಪಟ್ಟಿಯಲ್ಲಿ ಗುರುತು ಹಾಕೋದು. ಬೋರ್ಡೊ ಹೊಡೆಸಿದ್ದು, ಕಾಯಿಕೊರಕ ಕಂಡಿದ್ದು, ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿದು ಹೊರನಾಡಿಗೆ ಬಸ್ಸು ನಿಂತಿದ್ದು, ಎಲ್ಲ ಇರ್ಲಿ. ಸೊಸೈಟಿ ಸಾಲ ಕಟ್ಟಲಾಗದೆ ಅಲೆದಿದ್ದು ಓದುವಾಗ ನಾನೇ ತಡೆದೆ. "ಇರ್ಲಿ ಬಿಡು, ನನ್ನ ಸಾಲ ತಾನೇ, ತೀರಿಸಿದ್ದೂ ಮುಂದೆ ಬರೆದೀನಿ" ಅಂದರು.

ಆದರೆ ಕೆಲಸದವರು ತಗೊಂಡ ಮುಂಗಡದ ಲೆಕ್ಕ ಇದ್ದ ಪುಟ ಬಂದಾಗೆಲ್ಲ ಬೇಡ. ಯಾರ ಮನೆಯಲ್ಲಿ ಜಗಳ, ಯಾರ ಮಗಳಿಗೆ ಕಾಯಿಲೆ, ಅವೂ ಬೇಡ. "ಅವರ ಮಕ್ಕಳು ಈಗ ಓದಿ ಕೆಲಸದಲ್ಲಿದ್ದಾರೆ. ಅವರಪ್ಪ ನನ್ನ ಹತ್ರ ಅಕ್ಕಿಗೆ ದುಡ್ಡು ಕೇಳಿದ್ದ ಅಂತ ಲೋಕಕ್ಕೆ ಎಂತಕ್ಕೆ? ಅದು ನನ್ನ ಪುಸ್ತಕದಲ್ಲಿದ್ದರೂ ನನ್ನ ಮಾತಲ್ಲ."

ಒಂದು ಜುಲೈ ತಿಂಗಳ ಪುಟ ಬಂತು. ಅಜ್ಜಿ ತೀರಿಹೋದ ದಿನ. "ಅಮ್ಮ ಹೋದಳು. ಕಟ್ಟಿಗೆ ಒದ್ದೆ. ಬೆಂಕಿ ಹತ್ತಲು ಬಹಳ ತಡ." ನಾನು ಓದಿ, ಅವರು ಹೇಳುವ ಮುಂಚೆಯೇ "ಬೇಡ" ಅಂತ ಗುರುತು ಹಾಕಕ್ಕೆ ಹೋದೆ. ಅಪ್ಪ ನನ್ನ ಕೈ ಹಿಡಿದರು. "ಇರ್ಲಿ. ಎಡಪುಟದಲ್ಲಿ ಅವತ್ತು ಮೂರು ಇಂಚು ಅಂತ ಬರೀ ಅಂಕಿ ಇದೆ. ಮೂರು ಇಂಚು ಅಂದ್ರೆ ಎಂತ ಅಂತ ಇದನ್ನ ಓದಿದವರಿಗೆ ಗೊತ್ತಾಗ್ಲಿ."

ಕೊನೆಗೆ 131 ಬಲಪುಟ ಬೇಡ ಅಂತಾಯ್ತು. 552 ಎಡಪುಟ, 421 ಬಲಪುಟ, ಒಟ್ಟು 973. ಫೋಟೊದೊಳಗೆ ಫೋನು ತಾನಾಗಿಯೇ ಬರೆದಿಡುವ ಅಕ್ಷಾಂಶ-ರೇಖಾಂಶವನ್ನೂ ತೆಗೆದೆ. ಮಳೆ ಅಧ್ಯಯನ ಮಾಡೋರಿಗೆ ಯಾವ ಗ್ರಾಮ, ಎಷ್ಟು ಎತ್ತರ ಅನ್ನೋದು ಬೇಕು, ಅದನ್ನು ವಿವರಣೆಯಲ್ಲೇ ಕೊಟ್ಟಿದ್ದೇನೆ. ಮನೆ ಬಾಗಿಲ ತನಕ ದಾರಿ ಬೇಕಿಲ್ಲ.

2025ರ ಮೇ ಎರಡನೇ ವಾರ ಶುರು ಮಾಡಿದ್ದು. ಜೂನ್ ಮೊದಲ ವಾರ ಮಳೆ ಹಿಡಿಯೋದ್ರೊಳಗೆ ಮುಗಿಸೋಣ ಅಂತ ಲೆಕ್ಕ. ರಾತ್ರಿ ಹನ್ನೊಂದರ ಮೇಲೆ ಸಿಗ್ನಲ್ಲಿಗೆ ಜನ ಕಮ್ಮಿ, ಅಟ್ಟದ ಕಿಟಕಿಯಲ್ಲಿ ಫೋನಿಟ್ಟು ಮಲಗೋದು, ಬೆಳಿಗ್ಗೆ ಎದ್ದು ಖಾತೆ ನೋಡೋದು. ಆದರೆ ಆ ವರ್ಷ ಮುಂಗಾರು ಯಾರ ಲೆಕ್ಕಕ್ಕೂ ಕಾಯಲಿಲ್ಲ, ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತು. ನಮ್ಮಲ್ಲೂ ಹಿಡಿಯಿತು. ಕರೆಂಟೂ ಹೋಯ್ತು, ಸಿಗ್ನಲ್ಲೂ ಹೋಯ್ತು. ಖಾತೆಯಲ್ಲಿ 688 ಇತ್ತು. ಅಪ್ಪ ಮಾತ್ರ ಕೊಡೆ ಹಿಡ್ಕೊಂಡು 8.30ಕ್ಕೆ ಮಾಪಕದ ಹತ್ರ. ಗಾಜಿನ ಮೇಲಿನ ಗೀಟು ನಾನು ಓದ್ತೀನಿ, ಬರೆಯೋದು ಅವರೇ.

ನಾಲ್ಕು ದಿನ ಕಳೆದು ಕರೆಂಟ್ ಬಂತು. ಪ್ರೋಗ್ರಾಮು ಖಾತೆ ಓದಿತು, 689ನೆಯದನ್ನು ಕಳಿಸಿತು. ಅದು ಮೊದಲೇ ಪೂರ್ತಿ ಹೋಗಿ ಉತ್ತರ ಮಾತ್ರ ಬಾರದೆ ಉಳಿದ ಫೋಟೊ. ಅದೇ ಜಾಗಕ್ಕೆ ಅದೇ ಫೋಟೊ ಮತ್ತೆ ಕೂತಿತು. ಮುಂದೆ 284, ಬಿಟ್ಟು ಬಿಟ್ಟು ಜೂನ್ ಪೂರ್ತಿ ಹಿಡೀತು. ಮುಗಿದ ಮೇಲೆ ಎಲ್ಲಾ 973ರ ಸಹಿಯನ್ನೂ ತಾಳೆ ನೋಡಿದೆ, ಸರಿ ಇತ್ತು.

"ಈ ಲೆಕ್ಕ ಯಾರು ನೋಡ್ತಾರೆ?" ಅಂತ ಅಪ್ಪ ಈಗಲೂ ಕೇಳ್ತಾರೆ. ಅವರಿಗೆ ಇಂಗ್ಲೆಂಡಿನ ಕತೆ ಹೇಳಿದೆ. 2020ರಲ್ಲಿ ಕೊರೊನಾ ಲಾಕ್‌ಡೌನ್ ಶುರುವಾದಾಗ ರೀಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ ಎಂಬ ವಿಜ್ಞಾನಿ, ಬ್ರಿಟನ್ನಿನ ಹಳೇ ಕೈಬರಹದ ಮಳೆ ಹಾಳೆಗಳನ್ನು ಟೈಪ್ ಮಾಡಿಕೊಡಿ ಅಂತ ಜನರನ್ನು ಕೇಳಿದರು. ಹದಿನಾರು ಸಾವಿರ ಜನ ಮನೆಯಲ್ಲೇ ಕೂತು 65,000 ಹಾಳೆಗಳ 50 ಲಕ್ಷಕ್ಕೂ ಮಿಕ್ಕಿದ ಅಂಕಿಗಳನ್ನು ಹದಿನಾರೇ ದಿನದಲ್ಲಿ ಟೈಪ್ ಮಾಡಿ ಮುಗಿಸಿದರು! ಆ ಹಾಳೆಗಳಲ್ಲೂ ನಮ್ಮ ಹಾಗೆ ಇಂಚಿನ ಲೆಕ್ಕವೇ. ನಮ್ಮ ರಾಜ್ಯದಲ್ಲಿ ಈಗ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆ ಮಾಪಕ ಇಟ್ಟಿದ್ದಾರೆ, ಹದಿನೈದು ನಿಮಿಷಕ್ಕೊಮ್ಮೆ ಅವು ಮೊಬೈಲ್ ಜಾಲದ ಮೂಲಕ ಮಳೆಯನ್ನು ತಾವೇ ವರದಿ ಮಾಡುತ್ತವೆ. ಆದರೆ ಆ ಯಂತ್ರಗಳಿಗೆ 1979 ಗೊತ್ತಿಲ್ಲ. ಅದು ಅಪ್ಪನಿಗೆ ಮಾತ್ರ ಗೊತ್ತು.

ಇಂಟರ್‌ನೆಟ್ಟಿಗೆ ಹಾಕಿದ ಮಾತ್ರಕ್ಕೆ ಶಾಶ್ವತ ಆಯ್ತು ಅಂತಲೂ ಅಂದ್ಕೋಬೇಡಿ. 2024ರ ಅಕ್ಟೋಬರಿನಲ್ಲಿ ಇಂಟರ್ನೆಟ್ ಆರ್ಕೈವಿನ ಮೇಲೇ ಸೈಬರ್ ದಾಳಿ ಆಗಿ ಕೆಲವು ದಿನ ಬಾಗಿಲು ಹಾಕಿತ್ತು. ಮತ್ತೆ ತೆರೆದಾಗಲೂ ಮೊದಲು ಓದೋದಕ್ಕೆ ಮಾತ್ರ. ಅದಕ್ಕೇ ಎರಡು ಹಾರ್ಡ್ ಡಿಸ್ಕಿನಲ್ಲಿ ಎಲ್ಲಾ 1,104 ಫೋಟೊ ಇವೆ, ಒಂದು ನಮ್ಮನೇಲಿ, ಒಂದು ಅಕ್ಕನ ಮನೇಲಿ. ಪುಸ್ತಕಗಳು ಎಂದಿನ ಹಾಗೆ ಅಪ್ಪನ ಕಪಾಟಿನಲ್ಲಿ, ಬೇವಿನ ಸೊಪ್ಪಿನ ಜೊತೆ.

ಈಗ ತಿಂಗಳ ಮೊದಲ ತಾರೀಕು ಎರಡು ಫೋಟೊ ಹೋಗುತ್ತವೆ. ಬಲಪುಟ ಕಳಿಸುವ ಮುಂಚೆ ಅಪ್ಪನನ್ನು ಕೇಳ್ತೀನಿ. ಕೆಳಗಿನ ತೋಟದ ಹಿರಿಯರು ಮೊನ್ನೆ ಫೋನ್ ಮಾಡಿ, ಅಟ್ಟದಲ್ಲಿ ಒಂದು ಟ್ರಂಕ್ ಇದೆ, ತಮ್ಮ ಅಪ್ಪನ ಕಾಲದ ರಿಜಿಸ್ಟರು, ಬೀಗದ ಕೈ ಸಿಕ್ಕಿದೆ ಅಂದರು. ಅವರ ಜೊತೆಗೂ ಜಗಲಿಯಲ್ಲಿ ಕೂತು ಓದಬೇಕು, ಯಾವುದು ಇರ್ಲಿ, ಯಾವುದು ಬೇಡ ಅಂತ. ಆ ಕೆಲಸಕ್ಕೆ ಪ್ರೋಗ್ರಾಮಿಲ್ಲ, ಅವರಿಗೆ 84 ವರ್ಷ, ತಡ ಮಾಡುವ ಹಾಗೂ ಇಲ್ಲ. ನಿಮ್ಮ ಊರಿನ ಅಟ್ಟದಲ್ಲೂ ಇಂಥ ಟ್ರಂಕ್ ಇರಬಹುದು. ಈ ಸಲ ಊರಿಗೆ ಹೋದಾಗ ಬೀಗದ ಕೈ ಎಲ್ಲಿದೆ ಅಂತ ಒಂದು ಮಾತು ಕೇಳಿ ನೋಡಿ.